1620ರ ಇಂಗ್ಲಿಷ್ ಹಳ್ಳಿಯ ಕತೆ ಬರೆಯುತ್ತಿದ್ದೇನೆ, ಎಡವಿದ್ದೆಲ್ಲಿ ಹೇಳಿ

ಅರ್ಧಕತೆ:

ಎಲ್ಲರಿಗೂ ನಮಸ್ಕಾರ. ಒಂದು ನೀಳ್ಗತೆಗೆ ಕೈ ಹಾಕಿದ್ದೇನೆ. ಕಾಲ 1620ರ ದಶಕ, ಜಾಗ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಹಳ್ಳಿ. ರಾಜ ರಾಣಿಯರ ಬಗ್ಗೆ ಎಷ್ಟು ಬೇಕಾದರೂ ಓದಲು ಸಿಗುತ್ತದೆ. ಹಳ್ಳಿಯವರು ಏನು ತಿನ್ನುತ್ತಿದ್ದರು, ಯಾವಾಗ ಮದುವೆಯಾಗುತ್ತಿದ್ದರು ಅಂತ ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕತೆ ಇಷ್ಟು. ಆಗ್ನೆಸ್ ಅಂತ ಒಬ್ಬ ಹುಡುಗಿ, 14 ವರ್ಷ. ಅಜ್ಜ, ಅಜ್ಜಿ, ಚಿಕ್ಕಪ್ಪಂದಿರು ಎಲ್ಲ ಇರುವ ತುಂಬಿದ ಮನೆ. ಊರ ಗಡಿ ದಾಟಿದವಳೇ ಅಲ್ಲ. ಅಪ್ಪ ಪಕ್ಕದ ಮನೆಯ ಹುಡುಗನಿಗೆ ಅವಳನ್ನು ಕೊಡಲು ಮಾತಾಡುತ್ತಾನೆ. ಅಷ್ಟರಲ್ಲಿ ಜಮೀನ್ದಾರ ಗೋಮಾಳಕ್ಕೆ ಬೇಲಿ ಹಾಕಿಸುತ್ತಾನೆ. ಮೊದಲ ದೃಶ್ಯದಲ್ಲಿ ಆಗ್ನೆಸ್ ಒಲೆ ಮುಂದೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದಾಳೆ, ಅಜ್ಜಿ ಟೀ ಕುಡಿಯುತ್ತಿದ್ದಾಳೆ.

ತಿಳಿದವರು ದಯವಿಟ್ಟು ನೋಡಿ ಹೇಳಿ. ಬೈದರೂ ಪರವಾಗಿಲ್ಲ.

---

ತಿಪ್ಪೆಲೆಕ್ಕ:

ಬೈಯುವುದಿಲ್ಲ. ಆದರೆ ಅಜ್ಜಿಯ ಕೈಯಿಂದ ಆ ಟೀ ಮೊದಲು ಕಿತ್ತುಕೊಳ್ಳಿ. ಟೀ ಇಂಗ್ಲೆಂಡಿಗೆ ಬಂದದ್ದು 1650ರ ದಶಕದಲ್ಲಿ, ಅದೂ ಲಂಡನ್ನಿನ ದುಡ್ಡಿದ್ದವರಿಗೆ. ಆಲೂಗಡ್ಡೆಯನ್ನು ಆಗ ಹಳ್ಳಿಯ ಹೊಲದಲ್ಲಿ ಯಾರೂ ಬೆಳೆಯುತ್ತಿರಲಿಲ್ಲ. ಆಗ್ನೆಸ್ ಬಟಾಣಿ ಬಿಡಿಸಲಿ. ಬಟಾಣಿ, ಎಲೆಕೋಸು, ಈರುಳ್ಳಿ, ಒಂದಿಷ್ಟು ಓಟ್ಸ್, ಇದ್ದರೆ ಉಪ್ಪು ಹಚ್ಚಿದ ಹಂದಿಮಾಂಸದ ತುಂಡು ಹಾಕಿ ಬೇಯಿಸಿದ ಗಟ್ಟಿ ಗಂಜಿ ದಿನದ ಊಟ. ಜೊತೆಗೆ ರೈ ಅಥವಾ ಬಾರ್ಲಿಯ ಕಪ್ಪು ಬ್ರೆಡ್ಡು, ಚೀಸ್. ಬಿಳಿ ಗೋಧಿ ಬ್ರೆಡ್ಡು ಉಳ್ಳವರ ಮನೆಯದು. ಕುಡಿಯಲು ಏಲ್ (ಬಿಯರಿನಂಥದ್ದೇ ಒಂದು ಪಾನೀಯ), ಇಲ್ಲವಾದರೆ ತೆಳ್ಳನೆಯ ಬಿಯರ್. ಮಕ್ಕಳೂ ಅದನ್ನೇ ಕುಡಿಯುತ್ತಿದ್ದರು. ಮೇಜಿನ ಮೇಲೆ ಫೋರ್ಕ್ ಇಡಬೇಡಿ. ಚಮಚ, ಚಾಕು, ಕೈ, ಅಷ್ಟೇ.

ನನ್ನ ಬಗ್ಗೆ ಒಂದು ಮಾತು, ಇಲ್ಲದಿದ್ದರೆ ಇವಳ್ಯಾರು ಹೇಳುವವಳು ಅನ್ನಿಸಬಹುದು. ನಿವೃತ್ತಿಯಾದ ಮೇಲೆ ಮಗಳ ಜೊತೆ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿಯ ಒಂದು ಜಿಲ್ಲಾ ದಾಖಲೆ ಕಚೇರಿಯಲ್ಲಿ ಹಳೇ ಉಯಿಲುಗಳನ್ನು ಓದಿ ಪಟ್ಟಿ ಮಾಡಿಕೊಡುವ ಸ್ವಯಂಸೇವೆ ಮಾಡುತ್ತೇನೆ. ಸತ್ತವರ ಮನೆಯ ಪಾತ್ರೆ ಪಗಡಿ ಲೆಕ್ಕ ನೋಡಿ ನೋಡಿಯೇ ಈ ಹೆಸರು ಇಟ್ಟುಕೊಂಡೆ.

ಟೀಗಿಂತ ದೊಡ್ಡ ತೊಂದರೆ ಒಂದಿದೆ. 14 ವರ್ಷದ ಆಗ್ನೆಸ್ ಇನ್ನೂ ಅಪ್ಪನ ಮನೆಯಲ್ಲಿ ಕೂತು ಏನು ಮಾಡುತ್ತಿದ್ದಾಳೆ?

ಆ ಕಾಲದ ಹಳ್ಳಿ ಮಕ್ಕಳು ಹದಿಹರೆಯಕ್ಕೆ ಕಾಲಿಡುತ್ತಿದ್ದ ಹಾಗೆ ಬೇರೆಯವರ ಮನೆಗೆ ವರ್ಷದಾಳಾಗಿ ಹೊರಡುತ್ತಿದ್ದರು. ಬಡವರ ಮಕ್ಕಳು ಮಾತ್ರ ಅಂದುಕೊಳ್ಳಬೇಡಿ. ಸಾಕಷ್ಟು ಹೊಲ ಇದ್ದವನೂ ಮಗಳನ್ನು ಇನ್ನೊಬ್ಬನ ಮನೆಗೆ ಕಳಿಸಿ, ತನ್ನ ಮನೆಗೆ ಮತ್ತೊಬ್ಬನ ಮಗಳನ್ನು ಕರೆದುಕೊಳ್ಳುತ್ತಿದ್ದ. ಇತಿಹಾಸಕಾರರ ಅಂದಾಜಿನಲ್ಲಿ 15ರಿಂದ 24 ವರ್ಷದೊಳಗಿನವರಲ್ಲಿ ಸುಮಾರು ಶೇ. 60 ಜನ ಹೀಗೆ ಇನ್ನೊಬ್ಬರ ಮನೆಯಲ್ಲಿ ಇದ್ದವರು. ಒಪ್ಪಂದ ಒಂದು ವರ್ಷದ್ದು. ದಕ್ಷಿಣದಲ್ಲಿ ಸೆಪ್ಟೆಂಬರ್ 29ರ ಮೈಕಲ್ಮಸ್ ಹಬ್ಬಕ್ಕೆ ಶುರು, ಉತ್ತರದಲ್ಲಿ ನವೆಂಬರ್ 11ಕ್ಕೆ. 1563ರ ಕಾನೂನಿನ ಪ್ರಕಾರ ಕೂಲಿ ಎಷ್ಟು ಮೀರಬಾರದು ಅಂತ ಜಿಲ್ಲೆಯ ನ್ಯಾಯಾಧಿಕಾರಿಗಳು ಗೊತ್ತು ಮಾಡುತ್ತಿದ್ದರು. ಹುಡುಗಿಗೆ ಊಟ, ಮಲಗಲು ಜಾಗ, ವರ್ಷದ ಕೊನೆಗೆ ಒಂದೆರಡು ಪೌಂಡು. ವರ್ಷ ಮುಗಿದರೆ ಪೆಟ್ಟಿಗೆ ಎತ್ತಿಕೊಂಡು ಇನ್ನೊಂದು ಊರು. ಬಹಳ ದೂರ ಏನಲ್ಲ, ನಡೆದು ಹೋಗುವಷ್ಟು ದೂರದಲ್ಲೇ. ಆದರೆ ಹೋಗುತ್ತಿದ್ದರು.

ಹಾಗಾಗಿ "ಊರ ಗಡಿ ದಾಟಿದವಳೇ ಅಲ್ಲ" ಅನ್ನುವುದು ನಿಲ್ಲುವುದಿಲ್ಲ. ನಾಟಿಂಗ್‌ಹ್ಯಾಮ್‌ಶೈರಿನ ಕ್ಲೇವರ್ತ್ ಎಂಬ ಊರಲ್ಲಿ ವಿಲಿಯಂ ಸ್ಯಾಂಪ್ಸನ್ ಅನ್ನುವ ಪಾದ್ರಿ ಇದ್ದ. ಅವನು 1676ರಲ್ಲಿ ಊರಿನ ಪ್ರತಿಯೊಬ್ಬರ ಹೆಸರನ್ನೂ ಮನೆ ಮನೆ ಲೆಕ್ಕದಲ್ಲಿ ಬರೆದಿಟ್ಟ: 401 ಜನ. 1688ರಲ್ಲಿ ಮತ್ತೆ ಬರೆದ: 412 ಜನ. ಒಟ್ಟು ನೋಡಿದರೆ ಊರು ಹಾಗೇ ಇದೆ ಅನ್ನಿಸುತ್ತದೆ. ಹೆಸರುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಮೊದಲ ಪಟ್ಟಿಯ ಅರ್ಧಕ್ಕಿಂತ ಜಾಸ್ತಿ ಜನ ಎರಡನೆಯದರಲ್ಲಿ ಇಲ್ಲ. ಸತ್ತವರು ಒಂದಷ್ಟು, ಉಳಿದವರು ಊರು ಬಿಟ್ಟವರು. ಬರೀ 12 ವರ್ಷದಲ್ಲಿ!

ಮದುವೆ ವಿಷಯ. ಚರ್ಚಿನ ಕಾನೂನಿನಲ್ಲಿ ಹುಡುಗಿಗೆ 12 ಆದರೆ ಸಾಕಿತ್ತು ನಿಜ, ಆದರೆ ಅಂಥ ಮದುವೆಗಳು ದೊಡ್ಡ ಮನೆತನಗಳ ಆಸ್ತಿ ವ್ಯವಹಾರ. ಹಳ್ಳಿಯಲ್ಲಿ ಹೆಣ್ಣುಮಕ್ಕಳು ಸರಾಸರಿ 26ರ ಹೊತ್ತಿಗೆ, ಗಂಡಸರು 27, 28ಕ್ಕೆ ಮದುವೆಯಾಗುತ್ತಿದ್ದರು. ಇದನ್ನು ಇಷ್ಟು ಖಚಿತವಾಗಿ ಹೇಳಲು ಆಗುವುದು ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್‌ನಿಂದ. ಪ್ರತಿ ಚರ್ಚೂ ನಾಮಕರಣ, ಮದುವೆ, ಸಮಾಧಿಯ ಪುಸ್ತಕ ಇಡಬೇಕು ಅಂತ 1538ರಲ್ಲಿ ಅವನು ಆಜ್ಞೆ ಮಾಡಿದ. ಮದುವೆ ಇಷ್ಟು ತಡ ಯಾಕೆಂದರೆ, ಮದುವೆಯಾದವರು ಬೇರೆ ಮನೆ ಹೂಡಬೇಕು. ಅಪ್ಪನ ಮನೆಯ ಮೂಲೆಯಲ್ಲಿ ಸಂಸಾರ ಶುರು ಮಾಡುವ ರೂಢಿ ಇರಲಿಲ್ಲ. ಮನೆ, ಮಂಚ, ಪಾತ್ರೆ, ಒಂದು ಹಸು, ಇದಕ್ಕೆಲ್ಲ ದುಡ್ಡು ಕೂಡುವವರೆಗೆ ಇಬ್ಬರೂ ದುಡಿಯಬೇಕು. ದುಡ್ಡು ಕೂಡದವರು ಮದುವೆಯನ್ನೇ ಆಗದೆ ಉಳಿಯುತ್ತಿದ್ದರು, ಅಂಥವರು ಕಡಿಮೆಯೇನೂ ಇರಲಿಲ್ಲ.

ಚಿಕ್ಕಪ್ಪಂದಿರನ್ನು ಅವರವರ ಮನೆಗೆ ಕಳಿಸಿ. ಒಂದು ಮನೆಯಲ್ಲಿ ಸರಾಸರಿ ಐದು ಜನವೂ ಇರುತ್ತಿರಲಿಲ್ಲ, ಅದರಲ್ಲೂ ಆಳುಮಕ್ಕಳು ಸೇರಿ. ಅಜ್ಜಿ ಬೇಕೇ ಬೇಕು ಅಂದರೆ ವಿಧವೆಯಾಗಿ ಇರಲಿ. ಗಂಡ ಉಯಿಲಿನಲ್ಲಿ ಅವಳಿಗೆ ಒಂದು ಕೋಣೆ, ಒಲೆ ಪಕ್ಕ ಕೂರುವ ಹಕ್ಕು, ಒಂದು ಹಸುವಿಗೆ ಮೇವು ಅಂತ ಬರೆದಿರುತ್ತಾನೆ. ಅಷ್ಟು ಬಿಡಿಸಿ ಬರೆಯುತ್ತಿದ್ದರು ಅಂದರೆ ಮಗನ ಮೇಲೆ ಎಷ್ಟು ನಂಬಿಕೆ ಇತ್ತು ನೀವೇ ಊಹಿಸಿ.

---

ಬೇಲಿಮುಳ್ಳು:

ಜಮೀನ್ದಾರನ ಭಾಗ ನನಗೆ ಬಿಡಿ.

ಬೇಲಿ ಕತೆಗೆ ಮಿಡ್‌ಲ್ಯಾಂಡ್ಸ್ ಸರಿಯಾದ ಜಾಗ. 1607ರಲ್ಲಿ ನಾರ್ಥಾಂಪ್ಟನ್‌ಶೈರ್, ವಾರಿಕ್‌ಶೈರ್, ಲೆಸ್ಟರ್‌ಶೈರ್ ಮೂರೂ ಕಡೆ ಜನ ಎದ್ದು ಬೇಲಿ ಕಿತ್ತು, ಕಂದಕ ಮುಚ್ಚಿದರು. ಮುಂದಾಳು ಜಾನ್ ರೆನಾಲ್ಡ್ಸ್. ಸೊಂಟದಲ್ಲಿ ಒಂದು ಚೀಲ ಕಟ್ಟಿಕೊಂಡು, ಇದರಲ್ಲಿರುವುದು ನಿಮ್ಮೆಲ್ಲರನ್ನೂ ಕಾಯುತ್ತದೆ ಅನ್ನುತ್ತಿದ್ದನಂತೆ. ಅದಕ್ಕೇ ಅವನಿಗೆ ಕ್ಯಾಪ್ಟನ್ ಪೌಚ್ (ಪೌಚ್ ಅಂದರೆ ಚೀಲ) ಅಂತ ಹೆಸರು. ಹಿಡಿದು ಚೀಲ ಬಿಚ್ಚಿದರೆ ಒಳಗಿದ್ದದ್ದು ಒಂದು ತುಂಡು ಹಸಿ ಚೀಸ್. ಜೂನ್ 8ರಂದು ನ್ಯೂಟನ್ ಎಂಬಲ್ಲಿ ಟ್ರೆಶಮ್ ಎಂಬ ಜಮೀನ್ದಾರ ಮನೆತನದ ಬೇಲಿ ಕೀಳಲು ಸೇರಿದ್ದವರ ಮೇಲೆ ಸುತ್ತಲಿನ ದೊಡ್ಡಮನೆಯವರು ತಮ್ಮ ಆಳುಗಳನ್ನು ಕಟ್ಟಿಕೊಂಡು ಬಿದ್ದರು. 40, 50 ಜನ ಸತ್ತರು. ನಿಮ್ಮ ಕತೆ 1620ರ ದಶಕದ್ದು ಅಂದರೆ ಆಗ್ನೆಸ್‌ಳ ಅಪ್ಪನಿಗೆ ಇದು ಚೆನ್ನಾಗಿ ನೆನಪಿರುತ್ತದೆ.

ಆದರೆ ಒಬ್ಬ ದುಷ್ಟ ಜಮೀನ್ದಾರ ಕುದುರೆ ಮೇಲೆ ಬಂದು ಬೇಲಿ ಹಾಕುವುದು ಸಿನಿಮಾ ಆಯ್ತು. ಬಹಳ ಊರುಗಳಲ್ಲಿ ಬೇಲಿಗೆ ಕೈ ಎತ್ತಿದವರು ಊರಿನ ದೊಡ್ಡ ರೈತರೇ. ಅವರ ಹೊಲದ ಪಟ್ಟೆಗಳು ಊರಿನ ಮೂರು ದೊಡ್ಡ ಬಯಲುಗಳಲ್ಲಿ ಚೂರು ಚೂರಾಗಿ ಹರಡಿರುತ್ತಿದ್ದವು. ಒಟ್ಟಿಗೆ ಸೇರಿಸಿ, ಬೇಲಿ ಹಾಕಿ, ಕುರಿ ಬಿಟ್ಟರೆ ಲಾಭ. ಲುಕ್ಸಾನು ಆಗುತ್ತಿದ್ದದ್ದು ಹೊಲ ಇಲ್ಲದವನಿಗೆ. ಗೋಮಾಳದಲ್ಲಿ ಒಂದು ಹಸು, ನಾಲ್ಕು ಬಾತು ಮೇಯಿಸಿ, ಸೌದೆ ತಂದು, ಸುಗ್ಗಿ ಮುಗಿದ ಮೇಲೆ ಹೆಂಡತಿ ಮಕ್ಕಳು ಹಕ್ಕಲು ಆಯ್ದು ಬದುಕುತ್ತಿದ್ದವನು ಅವನು. ಅಂದರೆ ಖಳನಾಯಕ ಆಗ್ನೆಸ್‌ಳ ಮಾವನೂ ಆಗಬಹುದು. ಅದು ಇನ್ನೂ ಚೆನ್ನಾಗಿರುತ್ತೆ ಅಲ್ವಾ?

ಬೇಲಿ ಇಲ್ಲದ ಊರು ಹೇಗಿತ್ತು ಅಂತ ಕಣ್ಣಾರೆ ಕಾಣಬೇಕಾದರೆ ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್ ನೋಡಿ. ಮಾರ್ಕ್ ಪಿಯರ್ಸ್ 1635ರಲ್ಲಿ ಬರೆದ ನಕ್ಷೆಯಲ್ಲಿ ಒಂದೊಂದು ಪಟ್ಟೆಯೂ ಇದೆ, ಉಳುವವರು, ದನಗಳು ಎಲ್ಲ ಪುಟ್ಟ ಪುಟ್ಟ ಚಿತ್ರವಾಗಿ ಇದ್ದಾರೆ. ಆ ಊರಲ್ಲಿ ಈಗಲೂ ಮೂರು ಬಯಲಿನ ಬೇಸಾಯ ನಡೆಯುತ್ತದೆ: ಒಂದರಲ್ಲಿ ಚಳಿಗಾಲದ ಗೋಧಿ, ಒಂದರಲ್ಲಿ ವಸಂತದ ಬೆಳೆ, ಒಂದು ಬೀಳು. ರೈತರದ್ದೇ ಒಂದು ಪಂಚರ ತಂಡ ಬಯಲು ಸುತ್ತಿ, ಪಕ್ಕದವನ ಬದು ಒತ್ತಿ ಉತ್ತವರಿಗೆ ದಂಡ ಹಾಕುತ್ತದೆ. ಕತೆಗೆ ಒಂದು ಜಗಳ ಬೇಕಿದ್ದರೆ ಅಲ್ಲೇ ಸಿಗುತ್ತೆ. ಒಂದು ಸಾಲು ಒತ್ತಿದ್ದಕ್ಕೆ ಎರಡು ಮನೆಯವರು ಮಾತು ಬಿಡುವುದು ಅಲ್ಲಿ ದೊಡ್ಡ ವಿಷಯವೇನಲ್ಲ.

---

ಅರ್ಧಕತೆ:

ಇಬ್ಬರಿಗೂ ಧನ್ಯವಾದ. ಟೀ, ಆಲೂಗಡ್ಡೆ, ಚಿಕ್ಕಪ್ಪಂದಿರು ಎಲ್ಲ ಔಟ್. ಆಗ್ನೆಸ್ ಈಗ 22 ವರ್ಷದವಳು, ಎರಡು ಊರಾಚೆ ಒಬ್ಬ ರೈತನ ಮನೆಯಲ್ಲಿ ಕೆಲಸಕ್ಕಿದ್ದಾಳೆ. ಅದೇ ಮನೆಯ ಇನ್ನೊಬ್ಬ ಆಳಿನ ಜೊತೆ ಪ್ರೀತಿ, ಬಸುರಿಯಾಗುತ್ತಾಳೆ. ಮುಂದೆ ಏನಾಗುತ್ತದೆ? ಅವಳಿಗೆ ಶಿಕ್ಷೆ ಕೊಡುವವರು ಯಾರು? ಇನ್ನೊಂದು, ತಿಪ್ಪೆಲೆಕ್ಕ ಮೇಡಂ, ಆ ರೈತನ ಮನೆ ಒಳಗಿಂದ ಹೇಗಿರುತ್ತೆ ಸ್ವಲ್ಪ ಹೇಳ್ತೀರಾ?

---

ತಿಪ್ಪೆಲೆಕ್ಕ:

ಬಸುರಿಯಾದದ್ದೇ ದೊಡ್ಡ ಅಪರಾಧ ಅಂತ ಬರೆಯಬೇಡಿ. ಸುಮಾರು ಐವರು ವಧುಗಳಲ್ಲಿ ಒಬ್ಬಳು ಮದುವೆಯ ದಿನ ಬಸುರಿಯಾಗಿರುತ್ತಿದ್ದಳು. ಚರ್ಚಿನ ಮದುವೆ ಪುಸ್ತಕ, ನಾಮಕರಣದ ಪುಸ್ತಕ ಎರಡರ ತಾರೀಖು ಹೋಲಿಸಿದರೆ ತಿಳಿಯುತ್ತದೆ. ನಾಲ್ಕು ಜನರೆದುರು ಮಾತು ಕೊಟ್ಟಾಗಿದ್ದರೆ ಅಕ್ಕಪಕ್ಕದವರು ಕಂಡೂ ಕಾಣದ ಹಾಗೆ ಇರುತ್ತಿದ್ದರು. ಹುಡುಗ ಕೈ ಕೊಟ್ಟರೆ ಮಾತ್ರ ಕತೆ ಬೇರೆ.

ಮೊದಲು ಚರ್ಚಿನ ಕೋರ್ಟು. ಊರಿನವರೇ ಆದ, ಚರ್ಚಿನ ಉಸ್ತುವಾರಿ ನೋಡುವ ಚರ್ಚ್ ವಾರ್ಡನ್‌ಗಳು ಹೆಸರು ಬರೆದು ಕಳಿಸುತ್ತಾರೆ. ಶಿಕ್ಷೆ ಎಂದರೆ ಭಾನುವಾರ ಬಿಳಿ ಬಟ್ಟೆ ಹೊದ್ದು, ಕೈಯಲ್ಲಿ ಬಿಳಿ ಕೋಲು ಹಿಡಿದು, ಎಲ್ಲರ ಮುಂದೆ ನಿಂತು ತಪ್ಪಾಯಿತು ಅನ್ನಬೇಕು. ಅವಮಾನವೇನೋ ಹೌದು, ಆದರೆ ಅಲ್ಲಿಗೆ ಮುಗಿಯುತ್ತದೆ.

ನಿಜವಾಗಿ ಹೆದರಬೇಕಾದ್ದು ಲೆಕ್ಕಪುಸ್ತಕ ಹಿಡಿದವರಿಗೆ. 1598 ಮತ್ತು 1601ರ ಕಾನೂನುಗಳಿಂದ ಪ್ರತಿ ಪ್ಯಾರಿಷ್ಷೂ (ಒಂದು ಚರ್ಚಿಗೆ ಸೇರಿದ ಊರು) ತನ್ನ ಬಡವರನ್ನು ತಾನೇ ಸಾಕಬೇಕಿತ್ತು. ಅದಕ್ಕೆ ಉಳ್ಳವರಿಂದ ತೆರಿಗೆ, ಅದನ್ನು ಎತ್ತಿ ಹಂಚಲು ಊರಿನವರೇ ಮೇಲ್ವಿಚಾರಕರು. ಅಪ್ಪ ಯಾರೆಂದು ಗೊತ್ತಿಲ್ಲದ ಕೂಸು ಹುಟ್ಟಿತು ಅಂದರೆ ವರ್ಷಗಟ್ಟಲೆ ಊರಿನ ಗಂಟು ಕರಗುತ್ತದೆ. ಹಾಗಾಗಿ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿರುವಾಗಲೇ ಸೂಲಗಿತ್ತಿ ಕೇಳುತ್ತಾಳೆ: ಅಪ್ಪ ಯಾರು ಹೇಳು. ಹೆಸರು ಸಿಕ್ಕರೆ 1576ರ ಕಾನೂನಿನಲ್ಲಿ ಅವನಿಂದ ಖರ್ಚು ವಸೂಲಿ. ಸಿಗದಿದ್ದರೆ, ಮಗು ಊರಿನ ಮೇಲೆ ಬಿದ್ದರೆ, 1610ರ ಕಾನೂನಿನ ಪ್ರಕಾರ ತಾಯಿಯನ್ನು ಒಂದು ವರ್ಷ ಶಿಕ್ಷಾಗೃಹಕ್ಕೆ ಹಾಕಬಹುದು. ಪರ ಊರಿನ ಬಸುರಿ ಆದರೆ ಹೆರುವ ಮೊದಲೇ ಗಡಿ ದಾಟಿಸಿ ಕೈ ತೊಳೆದುಕೊಳ್ಳುವ ಪ್ರಯತ್ನ. ಆಗ್ನೆಸ್ ಪರ ಊರಿನವಳು, ನೆನಪಿರಲಿ. ಯಜಮಾನಿಯ ಮುಖ ಬಿಗಿಯುವುದು ಪಾಪದ ಭಯಕ್ಕಲ್ಲ ಅಂತ ಒಂದು ಸಾಲು ಬರೆದರೆ ಸಾಕು.

1624ರ ನಂತರ ಕತೆ ನಡೆದರೆ ಇನ್ನೂ ಕಠಿಣ. ಮದುವೆಯಾಗದ ತಾಯಿ ಸತ್ತ ಕೂಸನ್ನು ಗುಟ್ಟಾಗಿ ಹೂತರೆ ಕೊಲೆ ಅಂತಲೇ ಎಣಿಸುವ ಕಾನೂನು ಆ ವರ್ಷ ಬಂತು. ಮಗು ಸತ್ತೇ ಹುಟ್ಟಿತು ಅಂತ ಸಾಕ್ಷಿ ತರುವ ಹೊರೆ ಅವಳದ್ದೇ. ಒಬ್ಬಳೇ ಅಟ್ಟದ ಮೇಲೆ ಹೆತ್ತವಳು ಸಾಕ್ಷಿ ಎಲ್ಲಿಂದ ತರಬೇಕು?

ಹುಡುಗ ಒಪ್ಪಿದ ಅಂತಲೇ ಇಟ್ಟುಕೊಳ್ಳಿ. ಮನೆ ಎಲ್ಲಿ? 1589ರ ಕಾನೂನು, ನಾಲ್ಕು ಎಕರೆ ಜಮೀನಿಲ್ಲದೆ ಹೊಸ ಗುಡಿಸಲು ಕಟ್ಟಬಾರದು ಅನ್ನುತ್ತಿತ್ತು. ಎಲ್ಲರೂ ಪಾಲಿಸಿದರು ಅಂತಲ್ಲ. ಆದರೆ ಬೇಡವಾದವರನ್ನು ಓಡಿಸಬೇಕು ಅಂದಾಗ ಊರಿನವರಿಗೆ ಆ ಕಾನೂನು ಚೆನ್ನಾಗಿ ನೆನಪಾಗುತ್ತಿತ್ತು.

ಈಗ ಮನೆ. ಇದು ನನ್ನ ಇಷ್ಟದ ವಿಷಯ, ಉದ್ದವಾದರೆ ಸಹಿಸಿಕೊಳ್ಳಿ.

ರೈತ ಸತ್ತ ಕೆಲವು ದಿನಕ್ಕೆ ಅಕ್ಕಪಕ್ಕದ ಮೂರೋ ನಾಲ್ಕೋ ಜನ ಬಂದು ಮನೆಯೆಲ್ಲ ಸುತ್ತಿ ಒಂದೊಂದು ವಸ್ತುವಿಗೂ ಬೆಲೆ ಕಟ್ಟುತ್ತಾರೆ. ಉಯಿಲಿನ ಜೊತೆ ಈ ಪಟ್ಟಿ ಕೊಡಬೇಕಿತ್ತು. ಮೊದಲ ಸಾಲು ಹೆಚ್ಚುಕಡಿಮೆ ಯಾವಾಗಲೂ ಒಂದೇ: ಅವನ ಹಣದ ಚೀಲ ಮತ್ತು ಉಟ್ಟ ಬಟ್ಟೆ. ಆಮೇಲೆ ನಡುಮನೆ. ಒಂದು ಮೇಜು, ಬೆಂಚುಗಳು, ಕುರ್ಚಿ ಇದ್ದರೆ ಒಂದು, ಅದು ಯಜಮಾನನದು. ಒಲೆಯಲ್ಲಿ ಪಾತ್ರೆ ತೂಗುಹಾಕುವ ಕೊಕ್ಕೆ, ಮಾಂಸ ಸುಡುವ ಕಂಬಿ. ಹಿತ್ತಾಳೆ ಹಂಡೆ, ತವರದ ತಟ್ಟೆಗಳನ್ನು ತೂಗಿ, ಎಣಿಸಿ ಬರೆಯುತ್ತಾರೆ. ಪಕ್ಕದ ಕೋಣೆಯಲ್ಲಿ ಯಜಮಾನನ ಮಂಚ, ಗರಿ ತುಂಬಿದ ಹಾಸಿಗೆ, ಪರದೆ, ದುಪ್ಪಟಿ. ಇಡೀ ಮನೆಯ ಸಾಮಾನಿನಲ್ಲಿ ಇದೇ ಜಾಸ್ತಿ ಬೆಲೆಯದು ಆಗಿರುವುದು ಬಹಳ ಸಲ. ಅಟ್ಟದಲ್ಲಿ ಚೀಸ್, ಧಾನ್ಯ, ಉಣ್ಣೆ, ಅದರ ನಡುವೆ ಆಳುಗಳ ಹುಲ್ಲಿನ ಹಾಸಿಗೆ. ಆಗ್ನೆಸ್ ಮಲಗುವುದು ಅಲ್ಲಿ, ಚೀಸ್ ವಾಸನೆಯಲ್ಲಿ.

ಆಮೇಲೆ ಹಿತ್ತಲು. ಹಸು, ಹಂದಿ, ಕೋಳಿ, ಬಂಡಿ, ನೇಗಿಲು, ಹೊಲದಲ್ಲಿ ನಿಂತ ಬೆಳೆ. ಅಂಗಳದ ತಿಪ್ಪೆಗೂ ಬೆಲೆ! ಕೊನೆಯ ಸಾಲು "ಮರೆತುಹೋದ ಇನ್ನಿತರ ಸಾಮಾನುಗಳು", ಅದಕ್ಕೊಂದಿಷ್ಟು ಪೆನ್ಸ್. ಆಮೇಲೆ ಸಾಲದ ಪಟ್ಟಿ. ನಾಣ್ಯ ಕೈಯಲ್ಲಿ ಓಡಾಡುತ್ತಿದ್ದದ್ದು ಕಡಿಮೆ, ಎಲ್ಲರಿಗೂ ಎಲ್ಲರೂ ಕೊಡಬೇಕಾದವರೇ. ವಿಧವೆಯರ ಪಟ್ಟಿ ಬಿಚ್ಚಿದರೆ ಮನೆಯಲ್ಲಿ ಎರಡು ಪಾತ್ರೆ, ಆದರೆ ಅರ್ಧ ಊರಿಗೆ ಸಾಲ ಕೊಟ್ಟಿರುತ್ತಾಳೆ. ಗಂಡ ಬದುಕಿರುವ ಹೆಂಗಸಿನ ಪಟ್ಟಿ ಸಿಗುವುದೇ ಇಲ್ಲ ಅನ್ನಬಹುದು, ಕಾನೂನಿನ ಕಣ್ಣಿಗೆ ಎಲ್ಲ ಗಂಡನದು.

ಇಷ್ಟು ಸಾಮಾನೂ ಆಗ ತಾನೇ ಬಂದದ್ದು. ಎಸೆಕ್ಸ್‌ನ ರಾಡ್ವಿಂಟರ್ ಊರಿನ ಪಾದ್ರಿ ವಿಲಿಯಂ ಹ್ಯಾರಿಸನ್ 1570ರ ದಶಕದಲ್ಲಿ ಬರೆಯುತ್ತಾನೆ: ನಮ್ಮೂರ ಮುದುಕರು ತಮ್ಮ ಕಾಲದಲ್ಲಿ ಮೂರು ವಿಷಯ ತೀರಾ ಬದಲಾಯಿತು ಅನ್ನುತ್ತಾರೆ, ಚಿಮಣಿಗಳು ಜಾಸ್ತಿಯಾದವು, ಹಾಸಿಗೆ ಸುಧಾರಿಸಿತು, ಮರದ ತಟ್ಟೆ ಹೋಗಿ ತವರದ್ದು ಬಂತು. ಮೊದಲು ತಲೆಯಡಿ ಮರದ ದಿಮ್ಮಿ ಇಟ್ಟು ಮಲಗುತ್ತಿದ್ದರಂತೆ. ದಿಂಬು ಬಾಣಂತಿಗೆ ಮಾತ್ರ ಅನ್ನುತ್ತಿದ್ದರಂತೆ. ನಿಮ್ಮ ಅಜ್ಜಿಯ ಬಾಯಲ್ಲಿ ಈ ಮಾತು ಹಾಕಿ. ಈಗಿನವರಿಗೆ ದಿಂಬು ಬೇಕು ಅಂತ ಗೊಣಗಲಿ.

---

ಉತ್ತರದಿಕ್ಕು:

ಗರಿ ಹಾಸಿಗೆ, ತವರದ ತಟ್ಟೆ ಓದಿ ಹೊಟ್ಟೆ ತುಂಬಿತು ಮೇಡಂ, ಆದರೆ ಆ ಪಟ್ಟಿ ಇರುವುದು ಇದ್ದವರದ್ದು. ಏನೂ ಇಲ್ಲದವನ ಮನೆಗೆ ಬೆಲೆ ಕಟ್ಟಲು ಯಾರು ಬರುತ್ತಾರೆ? ಕೂಲಿಯವನಿಗೆ ದಿನಕ್ಕೆ 8 ಪೆನ್ಸ್ ಆಸುಪಾಸು, ಅದೂ ಕೆಲಸ ಇದ್ದ ದಿನ.

1620ರ ದಶಕ ಅಂದರೆ 1623 ಬಿಡಬೇಡಿ. ಹಿಂದಿನ ವರ್ಷದ ಬೆಳೆ ಕೈಕೊಟ್ಟಿತು, ಅದೇ ಹೊತ್ತಿಗೆ ಬಟ್ಟೆ ವ್ಯಾಪಾರ ಮಲಗಿತು. ಉತ್ತರದ ಕಂಬರ್‌ಲ್ಯಾಂಡ್, ವೆಸ್ಟ್‌ಮೋರ್‌ಲ್ಯಾಂಡ್ ಕಡೆ ಕುರಿ ಸಾಕಿ, ಉಣ್ಣೆ ನೇಯ್ದು, ಆ ದುಡ್ಡಲ್ಲಿ ಧಾನ್ಯ ಕೊಳ್ಳುವ ಜನ. ಎರಡೂ ಒಟ್ಟಿಗೆ ಹೋದಾಗ ಸತ್ತರು. ಗ್ರೇಸ್ಟೋಕ್ ಚರ್ಚಿನ ಸಮಾಧಿ ಪುಸ್ತಕದಲ್ಲಿ ಆ ವರ್ಷ ಪಾದ್ರಿ ಸುಮ್ನೆ ಹೆಸರು ಬರೆದು ಬಿಟ್ಟಿಲ್ಲ, ಹಸಿವಿನಿಂದ ಸತ್ತ ಭಿಕ್ಷುಕ ಮಗು ಅಂತ ಬರೆದಿದ್ದಾನೆ. ಅಂಥ ಒಂದು ಮಗು ಹಿಟ್ಟಿನ ಗಿರಣಿಯವನ ಮಗಳು. ಆಗ್ನೆಸ್‌ಳ ಪ್ರೇಮಿ ಆ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವನಾಗಲಿ.

---

ತಿಪ್ಪೆಲೆಕ್ಕ:

ಒಪ್ಪಿದೆ. ಪಟ್ಟಿಯಲ್ಲಿ ಇಲ್ಲದವರ ಹೆಸರು ನನಗೆ ಸಿಗುವುದು ಬಡವರ ಲೆಕ್ಕಪುಸ್ತಕದಲ್ಲಿ: ವಿಧವೆಗೆ ವಾರಕ್ಕೆ ಕೆಲವು ಪೆನ್ಸ್, ಹುಡುಗನಿಗೆ ಒಂದು ಜೊತೆ ಶೂ, ಹೆಣಕ್ಕೆ ಬಟ್ಟೆ. 1623ರಂಥ ಬರ ದಕ್ಷಿಣವನ್ನು ಆ ಮಟ್ಟಕ್ಕೆ ಕೊಲ್ಲಲಿಲ್ಲ, ಆದರೆ ಬೀದಿಯಲ್ಲಿ ಅಲೆಯುವವರು ಎಲ್ಲ ಕಡೆ ಜಾಸ್ತಿಯಾದರು. ಪ್ರೇಮಿ ಉತ್ತರದವನು ಅನ್ನುವುದು ಒಳ್ಳೇ ಐಡಿಯಾ. ಅವನನ್ನು ಊರು ಇನ್ನೂ ಅನುಮಾನದಿಂದ ನೋಡುತ್ತದೆ.

---

ಅರ್ಧಕತೆ:

ತಗೊಂಡೆ. ಕೊನೇ ಪ್ರಶ್ನೆ. ವಿಷಯ ಊರಿಗೆಲ್ಲ ಗೊತ್ತಾದ ಮೇಲಿನ ಭಾನುವಾರ ಚರ್ಚಿನ ದೃಶ್ಯ ಇದೆ. ಆಗ್ನೆಸ್ ಎಲ್ಲಿ ಕೂರುತ್ತಾಳೆ? ಆ ದಿನ ಹೋಗದೆ ತಪ್ಪಿಸಿಕೊಳ್ಳಬಹುದಾ?

---

ತಿಪ್ಪೆಲೆಕ್ಕ:

ಎಲ್ಲಿ ಬೇಕಾದರೆ ಅಲ್ಲಿ ಕೂರುವ ಹಾಗಿಲ್ಲ. ಚರ್ಚಿನ ಬೆಂಚು ಅಂದರೆ ಊರಿನ ಅಂತಸ್ತಿನ ನಕ್ಷೆ. ಷ್ರಾಪ್‌ಶೈರಿನ ಮಿಡಲ್ ಊರಿನ ರಿಚರ್ಡ್ ಗಫ್ 1700ರ ಆಸುಪಾಸಿನಲ್ಲಿ ತನ್ನ ಊರಿನ ಕತೆಯನ್ನೆಲ್ಲ ಬೆಂಚಿನ ಲೆಕ್ಕದಲ್ಲೇ ಬರೆದ. ಈ ಬೆಂಚು ಈ ಹೊಲದ ಮನೆಯವರದು, ಅವರಲ್ಲಿ ಕುಡಿದು ಹಾಳಾದವನು ಇವನು, ಸಾಲ ಮಾಡಿದವನು ಇವನು ಅಂತ. ಹೊಲದ ಜೊತೆ ಬೆಂಚೂ ಬರುತ್ತಿತ್ತು. ಜಾಗಕ್ಕಾಗಿ ಕೋರ್ಟಿಗೆ ಹೋದವರಿದ್ದಾರೆ. ದೊಡ್ಡವರು ಮುಂದೆ, ಗುಡಿಸಲಿನವರು, ಆಳುಗಳು ಹಿಂದೆ, ಬಾಗಿಲ ಹತ್ತಿರ. ಕೆಲವು ಕಡೆ ಗಂಡಸರು ಹೆಂಗಸರು ಬೇರೆ ಬೇರೆ. ಹಾಗಾಗಿ ಆಗ್ನೆಸ್‌ಗೆ ಎಲ್ಲರ ಬೆನ್ನು ಕಾಣುತ್ತದೆ. ಅವಳನ್ನು ನೋಡಬೇಕಾದರೆ ಅವರು ಕತ್ತು ತಿರುಗಿಸಲೇಬೇಕು. ಯಾರು ತಿರುಗಿಸಿದರು, ಯಾರು ತಿರುಗಿಸಲಿಲ್ಲ ಅನ್ನುವುದರಲ್ಲೇ ನಿಮಗೆ ಅರ್ಧ ದೃಶ್ಯ ಸಿಕ್ಕಿತು.

ತಪ್ಪಿಸಿಕೊಳ್ಳುವುದು ಕಷ್ಟ. 1559ರ ಕಾನೂನಿನಲ್ಲಿ ಭಾನುವಾರ ಚರ್ಚಿಗೆ ಬರದಿದ್ದರೆ 12 ಪೆನ್ಸ್ ದಂಡ, ಅಂದರೆ ಕೂಲಿಯವನ ಒಂದೂವರೆ ದಿನದ ದುಡಿಮೆ. ದಂಡ ಎತ್ತುವವರು ಅದೇ ಚರ್ಚ್ ವಾರ್ಡನ್‌ಗಳು. ಅವರಲ್ಲಿ ಒಬ್ಬ ಅವಳ ಯಜಮಾನನೇ ಆಗಿರುವ ಹಾಗೆ ಮಾಡಿ, ಉಳಿದದ್ದು ತಾನಾಗಿ ಬರುತ್ತದೆ.